ಕರ್ತವ್ಯ ಮೊದಲೋ, ಪರಿಣಾಮ ಮೊದಲೋ?

(ಸಂಘದ ರಜತ ಮಹೋತ್ಸವದ ಅಂಗವಾಗಿ ನಡೆದ ಸದಸ್ಯರ ಶಿಕ್ಷಣ ಶಿಬಿರದಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ಈ ದಿನ ನಮಗೆ ಮಾತಾಡಲು ಕೊಟ್ಟ ವಿಷಯ "ಸಹಕಾರ ಸಂಘದಲ್ಲಿ ನೀತಿ" ಅಂತ. ನಾವು ಓದಿರೋದು ಎಸ್.ಎಸ್.ಎಲ್.ಸಿ. ಆಮೇಲೆ ನೇಗಿಲು, ಹಸು, ಈಗ ಟ್ರ್ಯಾಕ್ಟರು. ನೀತಿ ಬಗ್ಗೆ ಭಾಷಣ ಮಾಡುವಷ್ಟು ವಿದ್ವಾಂಸರಲ್ಲ. ಬೇಡ ಅಂತ ಹೇಳಿದೆವು. ಅಧ್ಯಕ್ಷರು ಬಿಡಲಿಲ್ಲ. "ಓದಿದವರು ಹೇಳೋದನ್ನ ಎಲ್ಲರೂ ಕೇಳವ್ರೆ. ನೀವು ನಿಮಗೆ ಆಗಿದ್ದನ್ನ ಹೇಳಿ ಸಾಕು" ಅಂದರು. ಆಗಿದ್ದು ಒಂದಿದೆ. ಅದನ್ನು ಹೇಳಲಿಕ್ಕೇ ಇವತ್ತು ನಿಂತಿದ್ದೇವೆ. ಆದರೆ ಅದಕ್ಕೆ ಮೊದಲು ಸ್ವಲ್ಪ ಪೀಠಿಕೆ ಬೇಕು.

ನಮ್ಮ ಅಣ್ಣನ ಮಗ ಬೆಂಗಳೂರಿನಲ್ಲಿ ರೂಮು ಮಾಡಿಕೊಂಡು ಐ.ಎ.ಎಸ್. ಪರೀಕ್ಷೆಗೆ ಓದುತ್ತಿದ್ದಾನೆ. ಆ ಪರೀಕ್ಷೆಯಲ್ಲಿ 2013ರಿಂದ ನೀತಿಶಾಸ್ತ್ರಕ್ಕೇ ಒಂದು ಪ್ರಶ್ನೆಪತ್ರಿಕೆ ಇಟ್ಟಿದ್ದಾರಂತೆ. ಹಬ್ಬಕ್ಕೆ ಬಂದವನು ಆ ಪುಸ್ತಕ ಬಿಟ್ಟು ಹೋದ. ರಾತ್ರಿ ಕರೆಂಟು ಇದ್ದಾಗ ತಿರುವಿ ಹಾಕಿದೆವು. ಅರ್ಥವಾಗದ್ದನ್ನು ಫೋನು ಮಾಡಿ ಅವನನ್ನೇ ಕೇಳಿದೆವು. ಓದುತ್ತಾ ಓದುತ್ತಾ ಒಂದು ಗೊತ್ತಾಯಿತು. ದೊಡ್ಡ ದೊಡ್ಡ ಪಂಡಿತರು ಇನ್ನೂರು ವರ್ಷದಿಂದ ಯಾವುದರ ಬಗ್ಗೆ ವಾದ ಮಾಡುತ್ತಿದ್ದಾರೋ, ಅದೇ ವಾದ ನಮ್ಮ ಆಡಳಿತ ಮಂಡಳಿ ಸಭೆಯಲ್ಲಿ ತಿಂಗಳಿಗೊಂದು ಸಲ ನಡೆಯುತ್ತದೆ. ಹೆಸರು ಮಾತ್ರ ನಮಗೆ ಗೊತ್ತಿರಲಿಲ್ಲ, ಅಷ್ಟೆ.

ವಾದ ಇಷ್ಟು. ಒಂದು ಕೆಲಸ ಸರಿಯೋ ತಪ್ಪೋ ಅಂತ ತೀರ್ಮಾನ ಮಾಡೋದು ಹೇಗೆ? ಒಂದು ಪಂಗಡದವರು ಹೇಳುತ್ತಾರೆ: ಕರ್ತವ್ಯ ನೋಡು. ಸುಳ್ಳು ಹೇಳಬಾರದು ಅಂದರೆ ಹೇಳಬಾರದು, ಕಳಬಾರದು ಅಂದರೆ ಕಳಬಾರದು. ಅದರಿಂದ ಏನಾಗುತ್ತೆ ಅನ್ನೋದು ಆಮೇಲಿನ ಮಾತು. ಇನ್ನೊಂದು ಪಂಗಡದವರು ಹೇಳುತ್ತಾರೆ: ಪರಿಣಾಮ ನೋಡು. ಯಾವ ಕೆಲಸದಿಂದ ಹೆಚ್ಚು ಜನಕ್ಕೆ ಒಳ್ಳೇದಾಗುತ್ತೋ, ಕಡಿಮೆ ಜನಕ್ಕೆ ನೋವಾಗುತ್ತೋ ಅದೇ ಸರಿ. ಬರೀ ನಿಯಮ ಅಂತ ಕೂತರೆ ಹೊಟ್ಟೆ ತುಂಬಲ್ಲ.

ಮೊದಲನೇ ಪಂಗಡಕ್ಕೆ ದೊಡ್ಡ ಹೆಸರು ಇಮ್ಯಾನುಯೆಲ್ ಕಾಂಟ್. 1724ರಲ್ಲಿ ಹುಟ್ಟಿ 1804ರಲ್ಲಿ ತೀರಿಕೊಂಡವರು. ಜರ್ಮನ್ ಮಾತಾಡುವ ಪ್ರಷ್ಯ ದೇಶದವರು. ಅವರ ತಂದೆ ಕುದುರೆಗೆ ಕಟ್ಟುವ ಚರ್ಮದ ಪಟ್ಟಿ, ಲಗಾಮು ಹೊಲಿಯುವ ಕಸುಬಿನವರು. ನಮ್ಮ ಹಾಗೆ ಕೈಕೆಲಸದ ಮನೆಯವರೇ. 1785ರಲ್ಲಿ ಬರೆದ ಪುಸ್ತಕದಲ್ಲಿ ಅವರು ಒಂದು ಪರೀಕ್ಷೆ ಹೇಳುತ್ತಾರೆ. ನೀನು ಮಾಡಬೇಕು ಅಂತಿರೋ ಕೆಲಸವನ್ನು ಎಲ್ಲರೂ ಮಾಡಲಿ ಅಂತ ನಿಯಮ ಮಾಡೋದಕ್ಕೆ ನೀನು ತಯಾರಾ? ತಯಾರಿಲ್ಲ ಅಂದರೆ ನೀನೂ ಮಾಡಬೇಡ. ಅದೇ ಪುಸ್ತಕದಲ್ಲಿ ಒಬ್ಬ ಅಂಗಡಿಯವನ ಉದಾಹರಣೆ ಬರುತ್ತದೆ. ಏನೂ ತಿಳಿಯದ ಮಗು ಬಂದರೂ ಅವನು ಎಲ್ಲರಿಗೂ ಕೊಡುವ ದರಕ್ಕೇ ಕೊಡುತ್ತಾನೆ. ಮೋಸ ಮಾಡಿದರೆ ಗಿರಾಕಿ ಹೋಗುತ್ತಾರೆ ಅಂತ ಹಾಗೆ ಮಾಡಿದರೆ ಅದು ವ್ಯಾಪಾರ. ಮೋಸ ಮಾಡಬಾರದು ಅಂತಲೇ ಮಾಡಿದರೆ ಅದು ನೀತಿ. ಎರಡರಲ್ಲೂ ತೂಕ ಒಂದೇ ಇರುತ್ತೆ, ಮನಸ್ಸು ಬೇರೆ.

ಎರಡನೇ ಪಂಗಡಕ್ಕೆ ಇಂಗ್ಲೆಂಡಿನ ಜೆರೆಮಿ ಬೆಂಥಾಮ್, ಅವರ ನಂತರ ಜಾನ್ ಸ್ಟುವರ್ಟ್ ಮಿಲ್. ಬೆಂಥಾಮ್ ಅವರು 1789ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಯಾವುದೇ ಕಾನೂನಾಗಲಿ ಕೆಲಸವಾಗಲಿ ಜನರಿಗೆ ಎಷ್ಟು ಸುಖ ಕೊಡುತ್ತೆ ಎಷ್ಟು ನೋವು ಕೊಡುತ್ತೆ ಅಂತ ಲೆಕ್ಕ ಹಾಕಿ ಅಂದರು. ಆ ಲೆಕ್ಕದಲ್ಲಿ ರಾಜನ ನೋವೂ ಒಂದೇ, ಕೂಲಿಯವನ ನೋವೂ ಒಂದೇ. ಮಿಲ್ ಅವರು ಲಂಡನ್ನಿನಲ್ಲಿ ನಮ್ಮ ದೇಶವನ್ನು ಆಳುತ್ತಿದ್ದ ಈಸ್ಟ್ ಇಂಡಿಯಾ ಕಂಪನಿಯ ಕಚೇರಿಯಲ್ಲಿ 35 ವರ್ಷ ನೌಕರಿ ಮಾಡಿದವರು. ಸಹಕಾರ ಸಂಘಗಳನ್ನು ಮೆಚ್ಚಿ ಬರೆದವರು ಅನ್ನೋದು ನಾವು ನೆನೆಯಬೇಕಾದ ಮಾತು.

ಇದೆಲ್ಲ ಹೊರದೇಶದ ಮಾತು ಅಂತ ತಿಳಿಯಬೇಡಿ. ನಮ್ಮಲ್ಲಿ ಇದಕ್ಕಿಂತ ಮುಂಚೆಯೇ ಇದೆ. ಪುಣ್ಯಕೋಟಿ ಕತೆ ಯಾರಿಗೆ ಗೊತ್ತಿಲ್ಲ? ಹುಲಿಗೆ ಮಾತು ಕೊಟ್ಟು ಬಂದ ಹಸು ಕರುವಿಗೆ ಹಾಲು ಕುಡಿಸಿ ವಾಪಸ್ ಹೋಯಿತು. ಪರಿಣಾಮದ ಲೆಕ್ಕ ಹಾಕಿದ್ದರೆ ಹೋಗಬೇಕಾಗಿರಲಿಲ್ಲ. ಕರು ತಬ್ಬಲಿ ಆಗುತ್ತೆ, ಹುಲಿಗೆ ಕೊಟ್ಟ ಮಾತಿಗೆ ಏನು ಬೆಲೆ ಅಂತ ದೊಡ್ಡಿಯಲ್ಲೇ ಉಳಿಯಬಹುದಾಗಿತ್ತು. ಉಳಿಯಲಿಲ್ಲ. ಅದು ಕರ್ತವ್ಯದ ದಾರಿ. ರಾಘವಾಂಕ ಕವಿ ಬರೆದ ಹರಿಶ್ಚಂದ್ರನದೂ ಅದೇ ದಾರಿ.

ಹಾಗಾದರೆ ನಮ್ಮವರು ಕಣ್ಣು ಮುಚ್ಚಿಕೊಂಡು ನಿಯಮ ಹಿಡಿ ಅಂದರಾ? ಅದೂ ಇಲ್ಲ. ಮಹಾಭಾರತದ ಕರ್ಣಪರ್ವದಲ್ಲಿ ಕೌಶಿಕ ಅಂತ ಒಬ್ಬ ತಪಸ್ವಿಯ ಕತೆ ಬರುತ್ತದೆ. ಏನೇ ಆಗಲಿ ಸತ್ಯವನ್ನೇ ಹೇಳುತ್ತೇನೆ ಅಂತ ವ್ರತ ಹಿಡಿದವನು. ಒಂದು ದಿನ ಕಳ್ಳರಿಗೆ ಹೆದರಿ ಒಂದಷ್ಟು ಜನ ಅವನ ಆಶ್ರಮದ ಪಕ್ಕದ ಕಾಡಿಗೆ ಓಡಿಹೋದರು. ಹಿಂದೆ ಬಂದ ಕಳ್ಳರು, ಎತ್ತ ಹೋದರು ಅಂತ ಕೇಳಿದರು. ಇವನು ಇತ್ತ ಹೋದರು ಅಂತ ಸತ್ಯವನ್ನೇ ಹೇಳಿದ. ಕಳ್ಳರು ಹೋಗಿ ಅವರನ್ನೆಲ್ಲ ಕೊಂದರು. ಸತ್ಯ ಹೇಳಿದ ಕೌಶಿಕ ನರಕಕ್ಕೆ ಹೋದ ಅನ್ನುತ್ತದೆ ಕತೆ. ತಮಾಷೆ ನೋಡಿ, ಇಂಥದ್ದೇ ಪ್ರಶ್ನೆಯನ್ನು ಕಾಂಟ್ ಅವರಿಗೂ ಕೇಳಿದ್ದರು. ಕೊಲೆಗಾರ ಬಾಗಿಲಿಗೆ ಬಂದು, ನಿನ್ನ ಸ್ನೇಹಿತ ಒಳಗಿದ್ದಾನಾ ಅಂತ ಕೇಳಿದರೆ ಸುಳ್ಳು ಹೇಳಬಹುದಾ? 1797ರಲ್ಲಿ ಬರೆದ ಉತ್ತರದಲ್ಲಿ ಅವರು, ಆಗಲೂ ಸುಳ್ಳು ಹೇಳಬಾರದು ಅಂದುಬಿಟ್ಟರು. ಅಷ್ಟು ದೊಡ್ಡ ಪಂಡಿತರ ಆ ಒಂದು ಮಾತನ್ನು ಇವತ್ತಿಗೂ ಬಹಳ ಜನ ಒಪ್ಪೋದಿಲ್ಲ. ನಮಗೂ ಒಪ್ಪಿಗೆಯಾಗಲಿಲ್ಲ. ನಮಗೆ ಕೃಷ್ಣ ಹೇಳಿದ ಕೌಶಿಕನ ಕತೆಯೇ ಸರಿ ಅನ್ನಿಸಿತು.

ಆ ಕತೆಯನ್ನು ಕೃಷ್ಣ ಯಾಕೆ ಹೇಳಿದ ಗೊತ್ತಾ? ತನ್ನ ಗಾಂಡೀವವನ್ನು ಬೇರೆಯವರಿಗೆ ಕೊಡು ಅಂದವರನ್ನು ಕೊಲ್ಲುತ್ತೇನೆ ಅಂತ ಅರ್ಜುನ ಶಪಥ ಮಾಡಿದ್ದ. ಯುದ್ಧದ ನಡುವೆ ಸಿಟ್ಟಿನಲ್ಲಿ ಧರ್ಮರಾಯನೇ ಆ ಮಾತು ಆಡಿಬಿಟ್ಟ. ಅರ್ಜುನ ಕತ್ತಿ ಎಳೆದ. ಶಪಥ ನಡೆಸಿದರೆ ಅಣ್ಣ ಸಾಯುತ್ತಾನೆ, ಬಿಟ್ಟರೆ ಮಾತು ತಪ್ಪುತ್ತೆ. ಆಗ ಕೃಷ್ಣ ದಾರಿ ಹೇಳಿಕೊಟ್ಟ. ಹಿರಿಯರನ್ನು ಏಕವಚನದಲ್ಲಿ ಮಾತಾಡಿಸಿ ಅವಮಾನ ಮಾಡಿದರೆ ಅವರನ್ನು ಕೊಂದ ಹಾಗೇ. ಅಷ್ಟು ಮಾಡು, ಸಾಕು ಅಂದ. ಏಕವಚನಕ್ಕೆ ನಮ್ಮೂರಲ್ಲಿ ಎಷ್ಟು ಜಗಳ ಆಗಿದೆ ಅಂತ ಬಲ್ಲವರಿಗೆ ಈ ಕತೆ ಬೇಗ ಅರ್ಥವಾಗುತ್ತೆ! ನಿಯಮವೂ ಉಳಿಯಿತು, ಅಣ್ಣನೂ ಉಳಿದ. ಆ ಮೂರನೇ ದಾರಿ ಹುಡುಕೋದಕ್ಕೆ ತಾಳ್ಮೆ ಬೇಕು.

ಇನ್ನು ನಮ್ಮ ಮನೆ ವಿಷಯಕ್ಕೆ ಬರುತ್ತೇವೆ.

2023ರಲ್ಲಿ ಮಳೆ ಕೈಕೊಟ್ಟಿತು. ರಾಜ್ಯದ 200ಕ್ಕೂ ಹೆಚ್ಚು ತಾಲ್ಲೂಕುಗಳನ್ನು ಬರಪೀಡಿತ ಅಂತ ಸರ್ಕಾರ ಘೋಷಣೆ ಮಾಡಿತ್ತು. ಮರುವರ್ಷ ಸಂಕ್ರಾಂತಿ ಹೊತ್ತಿಗೆ ಹಸಿರು ಮೇವು ಅನ್ನೋದು ಕಣ್ಣಿಗೆ ಕಾಣುತ್ತಿರಲಿಲ್ಲ. ಆ ಸಮಯದಲ್ಲಿ ನಮ್ಮ ಮನೆಯ ಹಸುವಿಗೆ ಕೆಚ್ಚಲು ಬಾವು ಬಂತು. ಡಾಕ್ಟರು ಬಂದು ಆ್ಯಂಟಿಬಯೋಟಿಕ್ ಇಂಜೆಕ್ಷನ್ ಕೊಟ್ಟರು. ಹೋಗುವಾಗ ಹೇಳಿದರು: "ಕೊನೇ ಇಂಜೆಕ್ಷನ್ ಆದಮೇಲೆ ನಾಲ್ಕು ದಿನ ಈ ಹಾಲು ಡೇರಿಗೆ ಹಾಕಬೇಡಿ. ಮನೆಗೂ ಬಳಸಬೇಡಿ, ಕರುವಿಗೂ ಬಿಡಬೇಡಿ."

ಎರಡು ದಿನ ಹಾಗೇ ಮಾಡಿದೆವು. ಹಾಲನ್ನು ತೆಗೆದುಕೊಂಡು ಹೋಗಿ ತೆಂಗಿನ ಬುಡಕ್ಕೆ ಸುರಿದೆವು. ಬಂಧುಗಳೇ, ಹಾಲು ಕರೆಯುವ ಮನೆಯವರಿಗೆ ಅದು ಎಷ್ಟು ಸಂಕಟ ಅಂತ ನಿಮಗೆ ಹೇಳಬೇಕಾಗಿಲ್ಲ. ನಮ್ಮ ತಾಯಿಯವರು ಒಲೆಯ ಮೇಲೆ ಹಾಲು ಉಕ್ಕಿದರೂ ಅಯ್ಯೋ ಅನ್ನುವವರು. ಅವರು ತೆಂಗಿನ ಬುಡದಲ್ಲಿ ಬೆಳ್ಳಗೆ ನಿಂತ ಹಾಲನ್ನು ನೋಡಿ ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು.

ಮೂರನೇ ದಿನ ಬೆಳಿಗ್ಗೆ ನಾವು ಲೆಕ್ಕ ಹಾಕಿದೆವು. ದಿನಕ್ಕೆ 9 ಲೀಟರು. ಲೀಟರಿಗೆ 30 ರೂಪಾಯಿ ಅಂದರೂ 270 ರೂಪಾಯಿ. ಎರಡು ದಿನದ್ದು 540 ಆಗಲೇ ಹೋಯಿತು. ಇನ್ನೆರಡು ದಿನ ಅಂದರೆ ಇನ್ನೊಂದು 540. ಡಾಕ್ಟರ ಫೀಸು, ಔಷಧಿ ಬೇರೆ. ಹಸು ಸಾಲದ ಕಂತು ಬೇರೆ. ಸಂಘದ ಕೂಲರಿನಲ್ಲಿ ಸಾವಿರ ಲೀಟರು ಹಾಲಿರುತ್ತೆ. ಅದರಲ್ಲಿ ನಮ್ಮದು ಹೊತ್ತಿಗೆ ನಾಲ್ಕೂವರೆ ಲೀಟರು. ಸಮುದ್ರಕ್ಕೆ ಚೊಂಬು ನೀರು. ಯಾರಿಗೆ ಏನಾಗುತ್ತೆ? ಯಾರಿಗೂ ಏನೂ ಆಗಲ್ಲ, ನಮಗೆ 540 ರೂಪಾಯಿ ಉಳಿಯುತ್ತೆ. ಕ್ಯಾನು ತೆಗೆದುಕೊಂಡು ಬಂದು ಹಾಕಿದೆವು. ಎರಡು ದಿನ, ನಾಲ್ಕು ಹೊತ್ತು, 18 ಲೀಟರು. ಜಿಡ್ಡು ಚೆನ್ನಾಗಿ ಬಂತು, ಎಸ್.ಎನ್.ಎಫ್. ಚೆನ್ನಾಗಿ ಬಂತು, ಚೀಟಿ ಕೈಗೆ ಬಂತು. ಯಾರಿಗೂ ಗೊತ್ತಾಗಲಿಲ್ಲ.

ನಾವು ಆಗ ಈ ಸಂಘದ ನಿರ್ದೇಶಕರು ಅನ್ನೋದನ್ನು ನೀವು ಮರೆಯಬಾರದು.

ಇದಾಗಿ ಒಂದೂವರೆ ತಿಂಗಳಿಗೆ ಸಂಘದಲ್ಲಿ ಇನ್ನೊಂದು ಪ್ರಕರಣ ಆಯಿತು. ನಮ್ಮ ಸದಸ್ಯರಲ್ಲಿ ಒಬ್ಬ ತಾಯಿ. ವಯಸ್ಸಾದವರು, ಗಂಡ ಇಲ್ಲ, ಇರೋದು ಒಂದೇ ಹಸು. ಅವರ ಹೆಸರು ಹೇಳೋದಿಲ್ಲ. ಈ ವಿಷಯ ಹೇಳಬಹುದಾ ಅಂತ ಅವರನ್ನು ಕೇಳಿಕೊಂಡೇ ಬಂದಿದ್ದೇವೆ. ಅವರ ಹಾಲಿನ ಎಸ್.ಎನ್.ಎಫ್. 8.5 ಬರಬೇಕಾದ ಕಡೆ 7.8ಕ್ಕೆ ಇಳಿಯಿತು. ನೀರು ಬೆರೆಸಿದ್ದಾರೆ ಅಂತ ಅನುಮಾನ. ಇದರಲ್ಲಿ ಇನ್ನೊಂದು ತಪ್ಪು ಸೇರಿಕೊಂಡಿತು. ಪರೀಕ್ಷೆ ಮಾಡುತ್ತಿದ್ದ ಹುಡುಗ, ಪಾಪ ಮುದುಕಿ ಅಂತ ಒಂದು ವಾರ ಬೇರೆ ಹಾಲಿನ ಸ್ಯಾಂಪಲ್ಲು ಇಟ್ಟು ಚೀಟಿ ತೆಗೆದು ಕೊಟ್ಟಿದ್ದ. ಅವನು ಮಾಡಿದ್ದು ಕರುಣೆಯಿಂದಲೇ, ಒಂದು ರೂಪಾಯಿ ಲಾಭಕ್ಕಲ್ಲ. ಆದರೆ ಸಾಲಿನಲ್ಲಿ ನಿಂತಿದ್ದವರು ನೋಡಿದರು. ಅವರಿಗೊಂದು ನ್ಯಾಯ, ನಮಗೊಂದು ನ್ಯಾಯವಾ ಅಂತ ಗಲಾಟೆ ಎದ್ದಿತು. ನಮ್ಮದನ್ನೂ ಹಂಗೇ ಬಿಡಪ್ಪ ಅಂತ ಕೇಳುವವರೂ ಹುಟ್ಟಿಕೊಂಡರು.

ಆಡಳಿತ ಮಂಡಳಿ ಸೇರಿತು. ಒಬ್ಬರು ಬಡವರು ಬಿಟ್ಟುಬಿಡಿ ಅಂದರು. ಒಬ್ಬರು ಎಚ್ಚರಿಕೆ ಕೊಟ್ಟು ಕಳಿಸಿ ಅಂದರು. ಎಲ್ಲರಿಗಿಂತ ಗಟ್ಟಿಯಾಗಿ ಮಾತಾಡಿದವರು ನಾವು. "ನಿಯಮ ಅಂದ್ರೆ ನಿಯಮ. ಬಡವರು ಶ್ರೀಮಂತರು ಅಂತ ನೋಡಿದ್ರೆ ಸಂಘ ಉಳಿಯಲ್ಲ. ಹಾಲು ನಿಲ್ಲಿಸಿ, ಹುಡುಗನ್ನ ತೆಗೀರಿ" ಅಂತ ಮೇಜು ಕುಟ್ಟಿದೆವು. ಆಗ ನಮ್ಮ ಹಿರಿಯ ನಿರ್ದೇಶಕರೊಬ್ಬರು, ಸಂಘ ಹುಟ್ಟಿದಾಗಿನಿಂದ ಇದ್ದವರು, ಏನೂ ಮನಸ್ಸಿನಲ್ಲಿ ಇಟ್ಟುಕೊಳ್ಳದೆ ಮೆಲ್ಲಗೆ ಒಂದು ಮಾತು ಕೇಳಿದರು: "ಅದು ನಿಮ್ಮನೆ ಹಸು ಆಗಿದ್ರೆ ಏನು ಮಾಡ್ತಿದ್ರಿ?"

ಅವರಿಗೆ ನಮ್ಮ ಹಸುವಿನ ವಿಷಯ ಏನೇನೂ ಗೊತ್ತಿರಲಿಲ್ಲ. ಆದರೆ ಬಾಣ ಬಂದು ಎದೆಗೇ ನಾಟಿತು. ನಾವು ಬಾಯಿ ಮುಚ್ಚಿಕೊಂಡು ಕೂತೆವು.

ಆ ರಾತ್ರಿ ನಿದ್ದೆ ಬರಲಿಲ್ಲ. ಮಲಗಿಕೊಂಡು ಯೋಚನೆ ಮಾಡಿದಾಗ ಒಂದು ವಿಷಯ ಹೊಳೆಯಿತು. ಈ ದಿನದ ಭಾಷಣದ ಸಾರ ಅದೇ. ನಮ್ಮ ಸ್ವಂತ ವಿಷಯಕ್ಕೆ ಬಂದಾಗ ನಾವು ಪರಿಣಾಮದ ಲೆಕ್ಕ ಹಾಕುತ್ತೇವೆ. ಇನ್ನೊಬ್ಬರ ವಿಷಯಕ್ಕೆ ಬಂದಾಗ ನಿಯಮದ ಪುಸ್ತಕ ತೆಗೆಯುತ್ತೇವೆ. ನಮ್ಮ ಕ್ಯಾನಿಗೆ ಬೆಂಥಾಮು, ಮುದುಕಿಯ ಕ್ಯಾನಿಗೆ ಕಾಂಟು! ಅಸಲಿಗೆ ಇದು ಎರಡೂ ದಾರಿಯಲ್ಲ, ಅಡ್ಡದಾರಿ.

ಯಾಕೆ ಅಂದರೆ ಆ ಇಬ್ಬರೂ ಪಂಡಿತರು ಒಂದು ಮಾತಿನಲ್ಲಿ ಒಂದೇ. ತನಗೊಂದು ತಕ್ಕಡಿ ಪರರಿಗೊಂದು ತಕ್ಕಡಿ ಇಟ್ಟುಕೊಳ್ಳೋದಕ್ಕೆ ಇಬ್ಬರೂ ಬಿಡೋದಿಲ್ಲ. ಕಾಂಟ್ ಅವರ ಪರೀಕ್ಷೆಯನ್ನು ನಮ್ಮ ಹಾಲಿಗೆ ಹಾಕಿ ನೋಡಿ. ಇಂಜೆಕ್ಷನ್ ಕೊಟ್ಟ ಹಸುವಿನ ಹಾಲನ್ನು ಎಲ್ಲ ಸದಸ್ಯರೂ ಹಾಕಬಹುದು ಅಂತ ನಿಯಮ ಮಾಡಲು ನಾವು ಕೈ ಎತ್ತುತ್ತಿದ್ದೆವಾ? ಇಲ್ಲ. ಅಲ್ಲಿಗೆ ಮುಗಿಯಿತು. ಹೋಗಲಿ, ಬೆಂಥಾಮ್ ಅವರ ಲೆಕ್ಕವನ್ನಾದರೂ ನಾವು ಸರಿಯಾಗಿ ಹಾಕಿದ್ದೆವಾ? ಅದೂ ಇಲ್ಲ. ನಮ್ಮ 540 ರೂಪಾಯಿಯನ್ನು ಪೂರ್ತಿ ಎಣಿಸಿದೆವು. ಕುಡಿಯುವವರ ಲೆಕ್ಕ ಹಾಕಲೇ ಇಲ್ಲ. ಆ ಔಷಧಿಯ ಅಂಶ ಕಾಯಿಸಿದರೂ ಪೂರ್ತಿ ಹೋಗೋದಿಲ್ಲ. ಕೆಲವರ ಮೈಗೆ ಅದು ಒಗ್ಗೋದಿಲ್ಲ, ಅಲರ್ಜಿ ಆಗುತ್ತೆ. ಮತ್ತೆ ಮತ್ತೆ ಒಳಗೆ ಹೋದರೆ ರೋಗಾಣುಗಳು ಆ ಔಷಧಿಗೆ ಪಳಗಿಬಿಡುತ್ತವೆ, ನಾಳೆ ಕಾಯಿಲೆ ಬಂದಾಗ ಔಷಧಿ ಕೆಲಸ ಮಾಡೋದಿಲ್ಲ. ಹೆಪ್ಪು ಹಾಕಿದರೆ ಮೊಸರು ಸರಿಯಾಗಿ ಕಟ್ಟೋದಿಲ್ಲ. ಕೂಲರಿನ ಸ್ಯಾಂಪಲ್ಲಿನಲ್ಲಿ ಸಿಕ್ಕಿಬಿದ್ದರೆ ನಮ್ಮದೊಂದೇ ಅಲ್ಲ, ಊರಿನವರದೆಲ್ಲ ಸೇರಿದ ಸಾವಿರ ಲೀಟರೂ ಮೋರಿಗೆ.

ಅಜ್ಜಿ ಹೇಳುತ್ತಿದ್ದ ಕತೆ ನೆನಪಿಸಿಕೊಳ್ಳಿ. ರಾಜ ಕೊಳ ತೋಡಿಸಿ, ರಾತ್ರಿ ಮನೆಗೊಂದು ಚೊಂಬು ಹಾಲು ತಂದು ಸುರಿಯಿರಿ ಅಂದ. ಎಲ್ಲರೂ ಹಾಲೇ ಹಾಕುತ್ತಾರೆ, ನಾನೊಬ್ಬ ನೀರು ಹಾಕಿದರೆ ಯಾರಿಗೆ ಗೊತ್ತಾಗುತ್ತೆ ಅಂತ ಒಬ್ಬೊಬ್ಬರೂ ಯೋಚನೆ ಮಾಡಿದರು. ಬೆಳಿಗ್ಗೆ ನೋಡಿದರೆ ಕೊಳದ ತುಂಬ ನೀರು. "ನಾನೊಬ್ಬ" ಅನ್ನುವ ಲೆಕ್ಕ ಯಾವಾಗಲೂ ತಪ್ಪು ಲೆಕ್ಕ. ಸಹಕಾರ ಸಂಘದಲ್ಲಿ ನಾನೊಬ್ಬ ಅನ್ನೋದೇ ಇಲ್ಲ, ಎಲ್ಲರ ಹಾಲೂ ಒಂದೇ ಕೂಲರಿಗೆ ಹೋಗುತ್ತೆ.

ಬೆಳಿಗ್ಗೆ ಎದ್ದು ಅಧ್ಯಕ್ಷರ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆವು. 18 ಲೀಟರಿನ 540 ರೂಪಾಯಿ ಸಂಘಕ್ಕೆ ಕಟ್ಟಿ ರಸೀದಿ ಪಡೆದೆವು. ನಿರ್ದೇಶಕ ಸ್ಥಾನ ಬಿಡುತ್ತೇವೆ ಅಂದೆವು. ಮಂಡಳಿಯವರು, ಬಿಟ್ಟು ಹೋಗೋದು ಸುಲಭ, ಇದ್ದು ಸರಿ ಮಾಡಿ ಅಂದರು. ರಸೀದಿ ಈಗಲೂ ನಮ್ಮ ಹತ್ತಿರ ಇದೆ. ಆದರೆ ದುಡ್ಡು ಕಟ್ಟಿದ್ದರಿಂದ ಆ ಹಾಲು ವಾಪಸ್ ಬರಲಿಲ್ಲ. ಅದು ಯಾವ ಊರಿನ ಯಾವ ಮಗುವಿನ ಲೋಟಕ್ಕೆ ಹೋಯಿತೋ ನಮಗೆ ಇವತ್ತಿಗೂ ಗೊತ್ತಿಲ್ಲ. ಏನೂ ಆಗಿರಲಾರದು ಅಂತ ಮನಸ್ಸು ಹೇಳುತ್ತೆ. ಆಗಿದ್ದರೂ ತಿಳಿಯುತ್ತಿರಲಿಲ್ಲ ಅಂತಲೂ ಅದೇ ಮನಸ್ಸು ಹೇಳುತ್ತೆ. ಪರಿಣಾಮದ ದಾರಿಯಲ್ಲಿ ಇರುವ ದೊಡ್ಡ ತೊಡಕು ಇದು. ಫಲವನ್ನು ಕೊನೆಯವರೆಗೂ ನೋಡುವ ಕಣ್ಣು ಮನುಷ್ಯನಿಗಿಲ್ಲ.

ಈಗ ಆ ತಾಯಿಯ ವಿಷಯ. ಹಿರಿಯರ ಮಾತಿನ ಮೇಲೆ, ಶಿಕ್ಷೆಗೆ ಮುಂಚೆ ಕೊಟ್ಟಿಗೆಯಲ್ಲೇ ಪರೀಕ್ಷೆ ಮಾಡಿಸೋಣ ಅಂತ ತೀರ್ಮಾನವಾಯಿತು. ಒಕ್ಕೂಟದ ವಿಸ್ತರಣಾಧಿಕಾರಿಗಳು ಬಂದರು. ಅವರ ಎದುರಿಗೇ ಹಸು ಪೂರ್ತಿ ಕರೆಸಿ ಹಾಲು ನೋಡಿದರು. ಎಸ್.ಎನ್.ಎಫ್. 7.9 ಬಂತು. ಅಂದರೆ ನೀರು ಬೆರೆಸೇ ಇರಲಿಲ್ಲ! ಮೂರು ತಿಂಗಳಿಂದ ಆ ಹಸುವಿಗೆ ಒಣಹುಲ್ಲು ಬಿಟ್ಟರೆ ಬೇರೇನೂ ಸಿಕ್ಕಿರಲಿಲ್ಲ. ಹಸುವಿನ ಹೊಟ್ಟೆಗೆ ಹಿಂಡಿ ಬೂಸಾ ಇಲ್ಲದಿದ್ದರೆ ಹಾಲಿನಲ್ಲಿ ಸತ್ವ ಎಲ್ಲಿಂದ ಬರಬೇಕು? ಮೇಜು ಕುಟ್ಟಿದ ನಮ್ಮ ಮಾತು ನಡೆದಿದ್ದರೆ ಒಬ್ಬ ನಿರಪರಾಧಿ ತಾಯಿಗೆ ಕಳ್ಳಿ ಅಂತ ಹೆಸರು ಬರುತ್ತಿತ್ತು. ಕೌಶಿಕ ಮಾಡಿದ್ದು ಇದನ್ನೇ ಅಲ್ಲವಾ? ನಿಯಮ ಹಿಡಿದ, ಜನರನ್ನು ನೋಡಲಿಲ್ಲ.

ಹಾಗಂತ ಆ ಹಾಲನ್ನು 8.5 ಅಂತ ಬರೆದು ತೆಗೆದುಕೊಳ್ಳೋದೂ ಸರಿಯಲ್ಲ. ಅದು ಉಳಿದ ಸದಸ್ಯರ ದುಡ್ಡು. ಮಂಡಳಿ ಮೂರನೇ ದಾರಿ ಹುಡುಕಿತು. ಯಂತ್ರ ಏನು ತೋರಿಸುತ್ತೋ ಅದನ್ನೇ ಬರೆಯಬೇಕು. ಮಿತಿಗಿಂತ ಕಡಿಮೆ ಬಂದರೆ ಯಾರದೇ ಆಗಲಿ ವಾಪಸ್. ಆದರೆ ಆ ತಾಯಿಗೆ ಸಂಘದಿಂದ ಎರಡು ಮೂಟೆ ಪಶು ಆಹಾರ, ಖನಿಜ ಮಿಶ್ರಣ ಸಾಲವಾಗಿ ಕೊಡೋದು, ಹಾಲಿನ ಬಟವಾಡೆಯಲ್ಲಿ ಸ್ವಲ್ಪ ಸ್ವಲ್ಪ ಹಿಡಿಯೋದು. ಹಾಲು ವಾಪಸಾದ ದಿನಗಳ ಮಟ್ಟಿಗೆ ಬೈಲಾದಲ್ಲಿ ಅವಕಾಶವಿದ್ದ ನಿಧಿಯಿಂದ ಸಣ್ಣ ಸಹಾಯ ಕೊಟ್ಟು ನಡವಳಿಯಲ್ಲಿ ಬರೆಯೋದು. ಮೂರು ವಾರದಲ್ಲಿ ಎಸ್.ಎನ್.ಎಫ್. 8.3ಕ್ಕೆ ಏರಿತು. ಪರೀಕ್ಷೆಯ ಹುಡುಗನಿಗೆ ಬುದ್ಧಿ ಹೇಳಿ ಉಳಿಸಿಕೊಂಡೆವು. ಅವನಿಗೆ ನಮ್ಮ ಹಿರಿಯರು ಹೇಳಿದ ಮಾತನ್ನು ಸಂಘದ ಗೋಡೆ ಮೇಲೆ ಬರೆಸಬೇಕು ಅಂತ ನಮ್ಮ ಆಸೆ: "ದಯೆ ತೋರಿಸು ಮಗ, ಬೇಡ ಅನ್ನಲ್ಲ. ಆದ್ರೆ ತಕ್ಕಡೀಲಿ ತೋರಿಸಬೇಡ, ಪುಸ್ತಕದಲ್ಲಿ ತೋರಿಸು." ಅಂದರೆ ಎಲ್ಲರಿಗೂ ಕಾಣುವ ಹಾಗೆ, ಲೆಕ್ಕಕ್ಕೆ ಸಿಗುವ ಹಾಗೆ.

ಅದೇ ವರ್ಷದ ಸರ್ವಸದಸ್ಯರ ಸಭೆಯಲ್ಲಿ ನಮ್ಮ ತಪ್ಪಿನಿಂದಲೂ ಒಂದು ನಿಯಮ ಹುಟ್ಟಿತು, ನಿಮಗೆಲ್ಲ ಗೊತ್ತಿದೆ. ಹಸುವಿಗೆ ಇಂಜೆಕ್ಷನ್ ಕೊಡಿಸಿದವರು ಸಂಘದ ರಿಜಿಸ್ಟರಿನಲ್ಲಿ ಬರೆಸಬೇಕು, ಡಾಕ್ಟರು ಹೇಳಿದಷ್ಟು ದಿನ ಹಾಲು ಹಾಕಬಾರದು, ಆ ದಿನಗಳಿಗೆ ಸಂಘ ಅರ್ಧ ದರ ಕೊಡುತ್ತೆ ಅಂತ. ಆ ನಿಯಮ ಯಾರು ತಂದರು ಅಂತ ಗೊತ್ತಿತ್ತು, ಯಾಕೆ ತಂದರು ಅಂತ ಗೊತ್ತಿರಲಿಲ್ಲ. ಇವತ್ತು ಗೊತ್ತಾಯಿತು. ಮೊದಲ ವರ್ಷವೇ 11 ಜನ ಬರೆಸಿದರು. ಅದಕ್ಕೆ ಮುಂಚೆ ಅಷ್ಟೂ ವರ್ಷದಲ್ಲಿ ಒಬ್ಬರೂ ಬಂದು ಹೇಳಿರಲಿಲ್ಲ. ಅಷ್ಟೂ ವರ್ಷ ನಮ್ಮೂರ ಹಸುಗಳಿಗೆ ಕೆಚ್ಚಲು ಬಾವು ಬರುತ್ತಲೇ ಇರಲಿಲ್ಲವಾ? ಯಾರನ್ನೂ ಬೆರಳು ಮಾಡಿ ತೋರಿಸೋದಿಲ್ಲ, ನಮ್ಮ ಬೆರಳು ನಮ್ಮ ಕಡೆಗೇ ಇದೆ.

ಇದರಿಂದ ನಮಗೆ ತಿಳಿದದ್ದು ಇಷ್ಟು. ಕರ್ತವ್ಯ, ಪರಿಣಾಮ ಎರಡೂ ಬೇಕು, ಆದರೆ ಎರಡಕ್ಕೂ ಬೇರೆ ಬೇರೆ ಜಾಗ ಇದೆ. ಹಾಲು ಹಾಕುವ ಕಟ್ಟೆಯ ಮೇಲೆ ನಿಂತಾಗ ಕರ್ತವ್ಯ ನೋಡಬೇಕು. ಅಲ್ಲಿ ಲೆಕ್ಕ ಹಾಕಲು ಹೊರಟರೆ ನಮ್ಮ ಬೆರಳು ನಮ್ಮ ಕಡೆಗೇ ತಕ್ಕಡಿ ಒತ್ತುತ್ತೆ. ಸಭೆಯಲ್ಲಿ ಕೂತು ನಿಯಮ ಮಾಡುವಾಗ ಪರಿಣಾಮ ನೋಡಬೇಕು. ಈ ನಿಯಮದಿಂದ ಯಾರಿಗೆ ಏಟು ಬೀಳುತ್ತೆ, ಒಂದೇ ಹಸು ಇರುವವರು ಇದನ್ನು ತಾಳಬಲ್ಲರಾ ಅಂತ ಕೇಳಬೇಕು. ಬಡವರು ಪಾಲಿಸಲಾಗದ ನಿಯಮ ಮಾಡಿ, ಆಮೇಲೆ ಅವರು ಮುರಿದರು ಅಂತ ದಂಡ ಹಾಕೋದು ಧರ್ಮವಲ್ಲ. ನಾಲ್ಕು ದಿನದ ಹಾಲು ಚೆಲ್ಲು ಅಂತ ಹೇಳೋದು ಸುಲಭ. ಚೆಲ್ಲಿದವನ ಮನೆಯ ಒಲೆ ಉರಿಯುತ್ತಾ ಅಂತ ನೋಡೋದು ಸಭೆಯ ಕೆಲಸ. ಇನ್ನು ನಿಯಮವನ್ನು ಒಬ್ಬರ ಮೇಲೆ ಜಾರಿ ಮಾಡುವ ಮುಂಚೆ ಕೊಟ್ಟಿಗೆಗೆ ಹೋಗಿ ಕಣ್ಣಾರೆ ನೋಡಬೇಕು.

ಇದು ನಮ್ಮ ಸಹಕಾರ ಚಳವಳಿಯ ಬೇರಿನಲ್ಲೇ ಇರುವ ಮಾತು. 1844ರಲ್ಲಿ ಇಂಗ್ಲೆಂಡಿನ ರೋಚ್‌ಡೇಲ್ ಊರಿನಲ್ಲಿ 28 ಜನ, ಹೆಚ್ಚಿನವರು ನೇಕಾರರು ಹಾಗೂ ಕೈಕಸುಬಿನವರು, ಸೇರಿ ಒಂದು ಸಣ್ಣ ಅಂಗಡಿ ತೆಗೆದರು. ಹಿಟ್ಟು, ಬೆಣ್ಣೆ, ಸಕ್ಕರೆ, ಮೇಣದ ಬತ್ತಿ ಇಷ್ಟೇ ಸಾಮಾನು. ಆ ಕಾಲದಲ್ಲಿ ಅಲ್ಲಿ ಹಿಟ್ಟಿಗೆ, ಚಹಾ ಸೊಪ್ಪಿಗೆ ಕಲಬೆರಕೆ ಮಾಡೋದು ಮಾಮೂಲು. ಇವರು ಮಾತ್ರ ಕಲಬೆರಕೆ ಇಲ್ಲದ ಸಾಮಾನು, ಪೂರ್ತಿ ತೂಕ ಅಂತ ಹಿಡಿದರು. ಅದು ಅವರ ಕರ್ತವ್ಯ. ಲಾಭವನ್ನು ಕೊಂಡವರಿಗೇ ಹಂಚಿದರು. ಅದು ಪರಿಣಾಮದ ಲೆಕ್ಕ. ಎರಡೂ ಸೇರಿದ್ದರಿಂದ ಲೋಕವೆಲ್ಲ ಅವರ ದಾರಿ ಹಿಡಿಯಿತು. ನಮ್ಮ ನಾಡಿನಲ್ಲಿ 1905ರಲ್ಲಿ ಗದಗದ ಹತ್ತಿರ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಸಹಕಾರ ಸಂಘ ಕಟ್ಟಿದಾಗಲೂ ಬಂಡವಾಳ ಕಡಿಮೆಯೇ. ಒಬ್ಬರ ಮೇಲೊಬ್ಬರಿಗೆ ಇದ್ದ ನಂಬಿಕೆಯೇ ದೊಡ್ಡ ಬಂಡವಾಳ.

ನಮ್ಮ ಸಂಘದಲ್ಲಿ ಕಟ್ಟಡ ಇದೆ, ಕೂಲರು ಇದೆ, ಯಂತ್ರ ಇದೆ. ಇದೆಲ್ಲ ಇಪ್ಪತ್ತೈದು ವರ್ಷದ ಗಳಿಕೆ. ಆದರೆ ಯಂತ್ರಕ್ಕೆ ಸಿಗದ ತಪ್ಪುಗಳು ಇನ್ನೂ ಇವೆ. ಅವು ಸಿಗೋದು ನಮ್ಮ ನಮ್ಮ ಮನಸ್ಸಿಗೆ ಮಾತ್ರ. ನಾಳೆ ಬೆಳಿಗ್ಗೆ ಕ್ಯಾನು ಎತ್ತಿಕೊಳ್ಳುವಾಗ ಎರಡು ಪ್ರಶ್ನೆ ಕೇಳಿಕೊಳ್ಳೋಣ. ಇದನ್ನು ಎಲ್ಲರೂ ಮಾಡಿದರೆ ನಾವು ಒಪ್ಪುತ್ತೇವಾ? ಈ ಹಾಲನ್ನು ನಮ್ಮ ಮನೆ ಮಗುವಿಗೆ ಕುಡಿಸುತ್ತೇವಾ? ಎರಡಕ್ಕೂ ಹೌದು ಅಂದರೆ ಧೈರ್ಯವಾಗಿ ತಂದು ಹಾಕೋಣ.



ಜೈ ಹಿಂದ್, ಜೈ ಕರ್ನಾಟಕ, ಜೈ ಸಹಕಾರ.